ಖಾಲಿ ಜಾಗಕ್ಕಾಗಿ ಜಗಳ: ಒಂದು ಸ್ಟೇಡಿಯಂ ನವೀಕರಣದ ನನ್ನ ಅನುಭವ

ಕೈಯಲ್ಲಿ 4.2 ಮೀಟರ್ ಉದ್ದದ ಪಿವಿಸಿ ಪೈಪು, ಅದರ ತುದಿಗೆ ಒಂದು ಕೆಂಪು ಬಟ್ಟೆ. ಅದನ್ನು ನೆಟ್ಟಗೆ ಹಿಡಿದುಕೊಂಡು ಹಳೇ ಸ್ಟೇಡಿಯಂನ ಸುರಂಗದೊಳಗೆ ನಡೆದೆ. ಎಂಟು ಹೆಜ್ಜೆ ಇಡುವಷ್ಟರಲ್ಲಿ ಟಕ್ ಅಂತ ಮೇಲೆ ತಾಗಿತು. ನಕ್ಷೆಯಲ್ಲಿ ಸುರಂಗದ ಎತ್ತರ 4.5 ಮೀಟರ್ ಅಂತ ಇತ್ತು. ಅಳೆದಾಗ ಸಿಕ್ಕಿದ್ದು 3.7. ನಕ್ಷೆ ಸುಳ್ಳು ಹೇಳಿರಲಿಲ್ಲ. ಕಟ್ಟಿದ ಮೇಲೆ ಯಾರೋ ಗಾಳಿಯ ಡಕ್ಟ್ ತೂಗು ಹಾಕಿದ್ದರು. ಇನ್ಯಾರೋ ಅದರ ಕೆಳಗೆ ಕೇಬಲ್ ಟ್ರೇ ಹಾಕಿದ್ದರು. ಮತ್ಯಾರೋ ಅದರ ಕೆಳಗೆ ಬೆಂಕಿ ನಂದಿಸುವ ನೀರಿನ ಪೈಪು ಎಳೆದಿದ್ದರು. ಖಾಲಿ ಕಂಡಿತು, ಬಳಸಿಕೊಂಡರು, ಅಷ್ಟೇ.

ವೇದಿಕೆ, ಸ್ಪೀಕರ್ ಹೊತ್ತು ತರುವ ದೊಡ್ಡ ಲಾರಿಗಳು ಸುಮಾರು ನಾಲ್ಕು ಮೀಟರ್ ಎತ್ತರ ಇರುತ್ತವೆ. ಅಂದರೆ ಒಂದು ಲಾರಿಯೂ ಮೈದಾನಕ್ಕೆ ಇಳಿಯುವಂತಿರಲಿಲ್ಲ. ಹಿಂದಿನ ವರ್ಷ ಅಲ್ಲಿ ನಡೆದ ಸಂಗೀತ ಕಾರ್ಯಕ್ರಮಕ್ಕೆ ಎಲ್ಲ ಸಾಮಾನನ್ನೂ ಗೇಟಿನ ಹೊರಗೆ ಇಳಿಸಿ ಫೋರ್ಕ್‌ಲಿಫ್ಟಿನಲ್ಲಿ ಒಳಗೆ ಸಾಗಿಸಿದ್ದರಂತೆ. ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿದಿತ್ತು.

ಆ ನವೀಕರಣದಲ್ಲಿ ನನ್ನ ಪಾತ್ರ ಎಂಜಿನಿಯರಿಂಗ್ ಸಮನ್ವಯ. ಸ್ಟ್ರಕ್ಚರ್‌ನವರು, ವಿದ್ಯುತ್ ತಂಡ, ನೀರಿನ ತಂಡ, ಭದ್ರತೆಯವರು ಒಬ್ಬರ ಕಾಲು ಒಬ್ಬರು ತುಳಿಯದ ಹಾಗೆ ನೋಡಿಕೊಳ್ಳುವುದು. ಆಸನ ಸುಮಾರು 30,000. ಮಾಲೀಕರ ಬೇಡಿಕೆ ಒಂದೇ: "ಮುಂದಿನ 30 ವರ್ಷ ಮತ್ತೆ ಒಡೆಯೋ ಹಾಗಿರಬಾರದು." ಮೊದಲ ಸಭೆಗೆ ಅವರು ತಂದಿದ್ದ ಪಟ್ಟಿಯಲ್ಲಿ ದೈತ್ಯ ಪರದೆ, ಮೊಬೈಲ್ ಆ್ಯಪ್, ಮುಖ ಗುರುತಿಸುವ ಗೇಟು ಎಲ್ಲ ಇತ್ತು. ಸುರಂಗದ ಎತ್ತರದ ಮಾತೇ ಇರಲಿಲ್ಲ.

ನಾನು ಬೋರ್ಡಿನ ಮೇಲೆ ಬೇರೆ ಪಟ್ಟಿ ಬರೆದೆ. ಕಾಂಕ್ರೀಟ್ 50 ವರ್ಷ. ಛಾವಣಿಯ ಹೊದಿಕೆ 20-25. ಕುರ್ಚಿ 10-15. ಪರದೆ 8-10. ವೈಫೈ ಉಪಕರಣ 5, ಹೆಚ್ಚೆಂದರೆ 6. ಇವು ನನ್ನ ಕೆಲಸದಲ್ಲಿ ಕಂಡ ಅಂದಾಜು, ಒಂದೆರಡು ವರ್ಷ ಆಚೀಚೆ ಆಗಬಹುದು. ಆದರೆ ನಿಯಮ ಸರಳ. ಬೇಗ ಸಾಯುವುದನ್ನು ಬದಲಿಸಲು ಹೆಚ್ಚು ಬಾಳುವುದನ್ನು ಒಡೆಯಬಾರದು. ವೈಫೈ ಪೆಟ್ಟಿಗೆ ಬದಲಿಸಲು ಗೋಡೆ ಕೊರೆಯಬೇಕಾಯಿತು ಅಂದರೆ ವಿನ್ಯಾಸ ಸೋತಿದೆ ಅಂತಲೇ ಲೆಕ್ಕ. ಹಾಗಾಗಿ ಹಣವನ್ನು ಮೊದಲು ಕಾಣದ ಕಡೆ ಹಾಕೋಣ, ಆ್ಯಪ್ ಆಮೇಲೆ ನೋಡೋಣ ಅಂದೆ. ಯಾರಿಗೂ ಇಷ್ಟ ಆಗಲಿಲ್ಲ. ಖಾಲಿ ಪೈಪಿನ ಫೋಟೋ ತೆಗೆದು ಯಾರಿಗೆ ತೋರಿಸುತ್ತೀರಿ, ಅಲ್ವಾ?

ನಮ್ಮ ಜಾಸ್ತಿ ಸಮಯ ತಿಂದದ್ದು ಜನ ಹೊರಗೆ ಹೋಗುವ ದಾರಿಯ ಲೆಕ್ಕ. ಬ್ರಿಟನ್ನಿನಲ್ಲಿ ಗ್ರೀನ್ ಗೈಡ್ ಅಂತ ಕರೆಯುವ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿ ಇದೆ. ಬೇರೆ ದೇಶಗಳ ವಿನ್ಯಾಸಕಾರರೂ ಅದನ್ನು ಮುಂದಿಟ್ಟುಕೊಂಡೇ ಕೂರುತ್ತಾರೆ. ಅದರ ಪ್ರಕಾರ ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಸಾಗುತ್ತಾರೆ, ಮೆಟ್ಟಿಲಲ್ಲಿ 66. ಆಟ ಮುಗಿದ ಮೇಲೆ ಗ್ಯಾಲರಿಯಿಂದ ಎಲ್ಲರೂ 8 ನಿಮಿಷದೊಳಗೆ ಹೊರಬೀಳಬೇಕು. ನಮ್ಮ ಒಂದು ಸ್ಟ್ಯಾಂಡಿನಲ್ಲಿ 6,600 ಆಸನ. 8ರಿಂದ ಭಾಗಿಸಿದರೆ ನಿಮಿಷಕ್ಕೆ 825 ಜನ. ಮೆಟ್ಟಿಲಾದ್ದರಿಂದ 66ರಿಂದ ಭಾಗಿಸಿ: ಒಟ್ಟು 12.5 ಮೀಟರ್ ಅಗಲ ಬೇಕು. ನಮ್ಮಲ್ಲಿ 13 ಇತ್ತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಆದರೆ ಅದು ಆಟದ ದಿನದ ಲೆಕ್ಕ. ಸಂಗೀತದ ರಾತ್ರಿ ಜನ ಗ್ಯಾಲರಿಯಲ್ಲಷ್ಟೇ ಅಲ್ಲ, ಮೈದಾನದ ಮೇಲೂ ನಿಲ್ಲುತ್ತಾರೆ. ಮೈದಾನಕ್ಕೆ ಇದ್ದ ದಾರಿಗಳೋ ಆಟಗಾರರಿಗೆ, ಆಂಬುಲೆನ್ಸಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಂತ ಮಾಡಿದ್ದು. ತಲಾ 4 ಮೀಟರ್ ಅಗಲದ ಎರಡು ಸುರಂಗ, ಒಟ್ಟು 8 ಮೀಟರ್. 8 ಮೀಟರ್, 82 ಜನ, 8 ನಿಮಿಷ. ಗುಣಿಸಿದರೆ 5,248. ಆಯೋಜಕರು ಮೈದಾನದ ಮೇಲೆ 10,000 ಟಿಕೆಟ್ ಮಾರುವ ಯೋಜನೆಯಲ್ಲಿದ್ದರು.

ಆ ಒಂದು ಗುಣಾಕಾರ ನಾನು ಆರು ತಿಂಗಳು ವಾದಿಸಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿತು. ಎರಡು ಮೂಲೆಗಳಲ್ಲಿ ಕೆಳಗಿನ ಸಾಲುಗಳನ್ನು ಕತ್ತರಿಸಿ ತಲಾ 6 ಮೀಟರ್ ಅಗಲದ ಬಾಯಿ ತೆರೆಯಲು ಒಪ್ಪಿದರು. ಅಲ್ಲಿಗೆ ಒಟ್ಟು 20 ಮೀಟರ್ ಆಯಿತು, ಬೇಕಿದ್ದದ್ದು 15 ಚಿಲ್ಲರೆ. ಸುಮಾರು 400 ಆಸನ ಹೋಯಿತು. ಟಿಕೆಟ್ ವಿಭಾಗದವರು ಈಗಲೂ ನನ್ನನ್ನು ಕಂಡರೆ ಆ 400ರ ಮಾತು ಎತ್ತುತ್ತಾರೆ. ಅದೇ ಮೂಲೆಗಳಲ್ಲಿ ಈಗ ಲಾರಿ ನೇರವಾಗಿ ಮೈದಾನದ ಅಂಚಿಗೆ ಬರುತ್ತದೆ. ಮೇಲೆ ಏನೂ ಇಲ್ಲ, ಆಕಾಶ.

ಹುಲ್ಲಿನ ವಿಷಯದಲ್ಲಿ ಮಾತ್ರ ನಾವು ಆಸೆ ಕಡಿಮೆ ಇಟ್ಟುಕೊಂಡೆವು. 2019ರಲ್ಲಿ ತೆರೆದ ಲಂಡನ್ನಿನ ಟಾಟೆನ್‌ಹ್ಯಾಮ್ ಸ್ಟೇಡಿಯಂನಲ್ಲಿ ನಿಜವಾದ ಹುಲ್ಲಿನ ಮೈದಾನ ಮೂರು ತುಂಡಾಗಿ ಸ್ಟ್ಯಾಂಡಿನ ಕೆಳಗೆ ಸರಿದು ಹೋಗುತ್ತದೆ. ಕೆಳಗೆ ಇರುವ ಕೃತಕ ಹುಲ್ಲಿನ ಮೇಲೆ ಅಮೆರಿಕನ್ ಫುಟ್‌ಬಾಲ್ ಆಡುತ್ತಾರೆ. ನೋಡಲು ಚಂದ, ಆದರೆ ಹಳೇ ಕಟ್ಟಡಕ್ಕೆ ಅದನ್ನು ತುರುಕುವುದು ಹುಚ್ಚು. ನಾವು ಸಂಗೀತ ಕಾರ್ಯಕ್ರಮಕ್ಕೆ ಹುಲ್ಲಿನ ಮೇಲೆ ಹಲಗೆ ಹೊದಿಸುವ ದಾರಿ ಹಿಡಿದೆವು. ಹಲಗೆಯ ಕೆಳಗೆ ಹುಲ್ಲು ಮೂರನೇ ದಿನಕ್ಕೆ ಹಳದಿಯಾಗತೊಡಗುತ್ತದೆ. ಆದ್ದರಿಂದ ಕಾರ್ಯಕ್ರಮ ಮುಗಿದ ರಾತ್ರಿಯೇ ಹಲಗೆ ಎತ್ತಬೇಕು ಅಂತ ಒಪ್ಪಂದದಲ್ಲೇ ಬರೆಸಿದೆವು. ಹುಲ್ಲು ಯಾರ ಮಾತನ್ನೂ ಕೇಳುವುದಿಲ್ಲ. 1965ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಪೂರ್ತಿ ಛಾವಣಿ ಇರುವ ಆಸ್ಟ್ರೋಡೋಮ್ ಸ್ಟೇಡಿಯಂ ತೆರೆದಾಗ ಛಾವಣಿಯಿಂದ ಬರುವ ಬೆಳಕಿನಿಂದ ಆಟಗಾರರಿಗೆ ಚೆಂಡು ಕಾಣುತ್ತಿರಲಿಲ್ಲ. ಗಾಜಿನಂಥ ಫಲಕಗಳಿಗೆ ಬಣ್ಣ ಬಳಿದರು. ಬೆಳಕಿಲ್ಲದೆ ಹುಲ್ಲು ಸತ್ತಿತು. ಮರುವರ್ಷ ಅಲ್ಲಿಗೆ ಕೃತಕ ಹುಲ್ಲು ಬಂತು.

ನಿಯಮಗಳೂ ತಿರುಗಿ ಬೀಳುತ್ತವೆ. ಹಿಲ್ಸ್‌ಬರೋದಲ್ಲಿ 1989ರಲ್ಲಿ ನಡೆದ ಸ್ಟೇಡಿಯಂ ನೂಕುನುಗ್ಗಲಿನ ದುರಂತದ ನಂತರ ಇಂಗ್ಲೆಂಡಿನ ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳು ನಿಂತು ನೋಡುವ ಜಾಗ ತೆಗೆದು ಎಲ್ಲೆಡೆ ಕುರ್ಚಿ ಹಾಕಬೇಕಾಯಿತು. 2022ರಲ್ಲಿ, ಪ್ರತಿ ಸಾಲಿಗೂ ಹಿಡಿಯಲು ಕಂಬಿ ಹಾಕಿದ ಜಾಗದಲ್ಲಿ ಪರವಾನಗಿ ಪಡೆದು ನಿಲ್ಲಬಹುದು ಅಂತ ಮತ್ತೆ ಬದಲಾಯಿತು. ಟಾಟೆನ್‌ಹ್ಯಾಮ್‌ನವರು ನಿಯಮ ಬದಲಾಗುವ ಮೊದಲೇ, ಕಟ್ಟುವಾಗಲೇ ಕಂಬಿ ಇರುವ ಕುರ್ಚಿ ಹಾಕಿದ್ದರು. ಅದನ್ನು ನೋಡಿ ನಾವೂ ಒಂದು ತುದಿಯ ಮೆಟ್ಟಿಲುಗಳಲ್ಲಿ ಕಂಬಿ ನಿಲ್ಲಿಸಲು ಬೇಕಾದ ಬೋಲ್ಟಿನ ತೂತು ಬಿಟ್ಟೆವು. ಕಂಬಿ ಹಾಕಿಲ್ಲ. ತೂತಿಗೆ ಮುಚ್ಚಳ ಮಾತ್ರ.

ಇನ್ನು ಪೈಪಿನ ಕಥೆ. ಮೈದಾನದ ಸುತ್ತ ನೆಲದಡಿ 110 ಮಿಲಿಮೀಟರಿನ 12 ಪೈಪು ಹೂಳಿಸಿದೆ. ಆಗ ಬೇಕಿದ್ದದ್ದು ಐದು. ಉಳಿದ ಏಳು ಖಾಲಿ, ಒಳಗೆ ಒಂದೊಂದು ನೈಲಾನ್ ಹಗ್ಗ ಬಿಟ್ಟಿದ್ದು. ನಾಳೆ ಯಾವ ಕೇಬಲ್ ಬೇಕಾದರೂ ಆ ಹಗ್ಗಕ್ಕೆ ಕಟ್ಟಿ ಎಳೆದುಕೊಳ್ಳಬಹುದು. ಒಳ್ಳೇ ಯೋಜನೆ ಅಂತ ನಾನೇ ಬೆನ್ನು ತಟ್ಟಿಕೊಂಡೆ. ಎರಡು ತಿಂಗಳ ನಂತರ ಪರೀಕ್ಷೆಗೆ ಅಂತ ಒಂದು ಹಗ್ಗ ಎಳೆದರೆ ಜಗ್ಗಲೇ ಇಲ್ಲ. ಪೈಪಿನ ಬಾಯಿಗೆ ಮುಚ್ಚಳ ಹಾಕಿಸಿರಲಿಲ್ಲ. ಪಕ್ಕದಲ್ಲಿ ಕಾಂಕ್ರೀಟ್ ಸುರಿದಾಗ ಸಿಮೆಂಟಿನ ಹಾಲು ಒಳಗೆ ಇಳಿದು ಮೂರು ಪೈಪು ಕಲ್ಲಾಗಿದ್ದವು. ತಪ್ಪು ನನ್ನದೇ, ನಕ್ಷೆಯಲ್ಲಿ ಮುಚ್ಚಳ ಅಂತ ಬರೆದೇ ಇರಲಿಲ್ಲ. ಅಗೆದು ಹೊಸದು ಹಾಕಿಸಿದೆವು. ಆಮೇಲೆ ಪ್ರತಿ ಪೈಪಿನಲ್ಲೂ ಪೈಪಿನ ಒಳ ಅಳತೆಗಿಂತ ಸ್ವಲ್ಪ ಚಿಕ್ಕ ಮರದ ಗುಂಡು ಈ ತುದಿಯಿಂದ ಆ ತುದಿಗೆ ಎಳೆದು ನೋಡಿ, ಎರಡೂ ಬಾಯಿಗೆ ಮುಚ್ಚಳ ಬಡಿದು, ಅದರ ಮೇಲೆ ನಂಬರ್ ಬರೆದ ಮೇಲೆಯೇ ಬಿಲ್ಲಿಗೆ ಸಹಿ ಹಾಕುತ್ತಿದ್ದೆ.

ಪಕ್ಕದ ಪ್ರದೇಶದ ಕೆಲಸ ನನ್ನ ಕೈಯಲ್ಲಿ ಪೂರ್ತಿ ಇರಲಿಲ್ಲ. ಆದರೂ ಅಲ್ಲಿ ಕಂಡದ್ದು ತಲೆಯಲ್ಲಿ ಉಳಿದಿದೆ. ವರ್ಷಕ್ಕೆ ದೊಡ್ಡ ಕಾರ್ಯಕ್ರಮ ಮೂವತ್ತೋ ನಲವತ್ತೋ. ಉಳಿದ ಮುನ್ನೂರು ಚಿಲ್ಲರೆ ದಿನ ಬೀದಿಯಿಂದ ನೋಡಿದರೆ ಬರೀ ಉದ್ದನೆಯ ಗೋಡೆ, ಸಂಜೆ ಆರಕ್ಕೆ ಯಾರೂ ನಡೆಯದ ಕಾಲುದಾರಿ. ಆ ಗೋಡೆಯ ಒಂದು ಬದಿಯನ್ನು ಒಡೆದು ಅಂಗಡಿ, ಊಟದ ಜಾಗ, ವ್ಯಾಯಾಮ ಶಾಲೆ ಮಾಡಿದರು. ನಾವು ಕೇಳಿದ್ದು ಎರಡೇ: ಅಂಗಡಿಯ ಬಾಗಿಲು ಬೀದಿಗೂ ಇರಲಿ, ಒಳಗೂ ಇರಲಿ. ಮತ್ತೆ ನೆಲಮಹಡಿಯ ಎತ್ತರ 5 ಮೀಟರ್ ಇರಲಿ, ನಾಳೆ ಅದು ಏನಾಗುತ್ತದೋ ಗೊತ್ತಿಲ್ಲ. ಮೊದಲ ವರ್ಷ ಅಲ್ಲಿ ನಿಂತು ಎಣಿಸುವ ಯಂತ್ರ ಕೈಯಲ್ಲಿ ಹಿಡಿದು ಟಕ್ ಟಕ್ ಒತ್ತಿದ್ದೇನೆ. ಆಟ ಮುಗಿದ ಮೇಲೆ ಅಂಗಡಿಗಳು ತೆರೆದಿದ್ದ ರಾತ್ರಿ ರೈಲು ನಿಲ್ದಾಣದ ಕಡೆಯ ನೂಕುನುಗ್ಗಲು ಕಣ್ಣಿಗೇ ಕಾಣುವಷ್ಟು ಕಡಿಮೆ. ಜನ ಸುಮ್ನೆ ಅರ್ಧ ಗಂಟೆ ಕೂತು ಮಾತಾಡಿ ಹೊರಡುತ್ತಿದ್ದರು. ಗೇಟು ಅಗಲ ಮಾಡದೆ ಸಿಕ್ಕ ಅಗಲ ಅದು.

ಶಬ್ದದ ದೂರು ಮಾತ್ರ ಇನ್ನೂ ಬರುತ್ತದೆ. ಬೇಸ್ ಧ್ವನಿಗೆ ಗೋಡೆ ಲೆಕ್ಕಕ್ಕೇ ಇಲ್ಲ. ಸ್ಪೀಕರ್ ದಿಕ್ಕು ತಿರುಗಿಸಿ, ಮುಗಿಸುವ ಸಮಯ ಹಿಂದಕ್ಕೆ ತಂದು ಅಷ್ಟಿಷ್ಟು ಸಂಭಾಳಿಸಿದ್ದೇವೆ.

ಕಳೆದ ವರ್ಷ ಪ್ರಸಾರದ ತಂಡದವರು ಫೋನ್ ಮಾಡಿದರು. ಈಶಾನ್ಯ ಮೂಲೆಗೆ ಹೊಸ ಫೈಬರ್ ಬೇಕು, ಐದು ದಿನದಲ್ಲಿ. 9ನೇ ನಂಬರಿನ ಮುಚ್ಚಳ ತೆಗೆಸಿದೆ. ಹಗ್ಗ ಅಲ್ಲೇ ಇತ್ತು. ಕೇಬಲ್ ಕಟ್ಟಿ ಇಬ್ಬರು ಎಳೆದರು, ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಖುಷಿಯಲ್ಲಿ, ಮುಂದೆ ಬೇಕಾಗಬಹುದು ಅಂತ ಖಾಲಿ ಬಿಟ್ಟಿದ್ದ ಟ್ರಾನ್ಸ್‌ಫಾರ್ಮರ್ ಕಟ್ಟೆಗಳನ್ನೂ ನೋಡಿ ಬರೋಣ ಅಂತ ಹಿಂದಕ್ಕೆ ಹೋದೆ. ಎರಡು ಕಟ್ಟೆಯ ಮೇಲೂ ಮುರಿದ ಕುರ್ಚಿಗಳ ರಾಶಿ, ಮೇಲೆ ಟಾರ್ಪಾಲಿನ್. ತೆಗೆಸಿದೆ. ಮೂರು ತಿಂಗಳ ನಂತರ ಹೋದಾಗ ಒಂದರ ಮೇಲೆ ಬಣ್ಣದ ಡಬ್ಬಿಗಳಿದ್ದವು.