ಡೆಬಿಟ್ ಕಾರ್ಡ್ ವಂಚನೆ: ಖಾತೆ ಬರಿದಾಗದಂತೆ ಕಾಯುವ ಬಗೆ

ಕ್ರೆಡಿಟ್ ಕಾರ್ಡಿನಲ್ಲಿ ಮೋಸವಾದರೆ ತಕರಾರು ನಡೆಯುವುದು ಬ್ಯಾಂಕಿನ ದುಡ್ಡಿನ ಮೇಲೆ. ಡೆಬಿಟ್ ಕಾರ್ಡಿನಲ್ಲಿ ಹಾಗಲ್ಲ. ನಿಮಗೆ ಗೊತ್ತಾಗುವ ಹೊತ್ತಿಗೆ ನಿಮ್ಮದೇ ದುಡ್ಡು ಖಾತೆಯಿಂದ ಹೊರಟುಹೋಗಿರುತ್ತದೆ. ಬ್ಯಾಂಕ್ ವಿಚಾರಣೆ ಮುಗಿಸಿ ಅದನ್ನು ಮರಳಿಸುವಷ್ಟರಲ್ಲಿ ವಾರಗಳೇ ಉರುಳಬಹುದು. ಆ ನಡುವೆ ಸಾಲದ ಕಂತು ಬೌನ್ಸ್ ಆಗುತ್ತದೆ, ಬಾಡಿಗೆ ಬಾಕಿ ಉಳಿಯುತ್ತದೆ. ಆದ್ದರಿಂದ ಪಿನ್ ಗುಟ್ಟಾಗಿಡಿ, ಒಟಿಪಿ ಹೇಳಬೇಡಿ ಎಂಬ ಮಾತುಗಳಿಗೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನಿಮ್ಮ ಕಾರ್ಡಿನ ಹಿಂದೆ ಎಷ್ಟು ದುಡ್ಡು ಕೂತಿದೆ?

ಕಾರ್ಡಿಗೆಂದೇ ಒಂದು ಚಿಕ್ಕ ಖಾತೆ

ಸಂಬಳ ಬರುವ, ಉಳಿತಾಯ ಕೂಡುವ ಖಾತೆಗೆ ಡೆಬಿಟ್ ಕಾರ್ಡೇ ಬೇಡ. ಬ್ಯಾಂಕ್ ಕೊಟ್ಟೇ ಕೊಡುತ್ತದೆ ಎಂದಾದರೆ ಆ ಕಾರ್ಡಿನ ಎಲ್ಲ ಬಗೆಯ ವಹಿವಾಟನ್ನೂ ಆ್ಯಪ್‌ನಲ್ಲಿ ಆಫ್ ಮಾಡಿ ಮನೆಯಲ್ಲಿಡಿ. ದಿನದ ಖರ್ಚಿಗೆ ಇನ್ನೊಂದು ಖಾತೆ ತೆರೆದು ಅದರ ಕಾರ್ಡನ್ನಷ್ಟೇ ಜೇಬಿನಲ್ಲಿಟ್ಟುಕೊಳ್ಳಿ. ಅದರಲ್ಲಿ ಒಂದೆರಡು ವಾರದ ಖರ್ಚಿಗೆ ಸಾಕಾಗುವಷ್ಟಿದ್ದರೆ ಸಾಕು. ತೀರಿದಾಗ ನೀವೇ ಕೈಯಾರೆ ತುಂಬಿಸಿ. ಕಂತು, ವಿಮೆ, ವಿದ್ಯುತ್ ಬಿಲ್ಲಿನಂಥ ತಪ್ಪಬಾರದ ಪಾವತಿಗಳೆಲ್ಲ ಮೊದಲ ಖಾತೆಯಿಂದಲೇ ಹೋಗಲಿ. ಆಗ ಕಾರ್ಡ್ ಖಾತೆ ಪೂರ್ತಿ ಬರಿದಾದರೂ ಮನೆ ನಡೆಯುತ್ತದೆ.

ಈ ಏರ್ಪಾಡಿಗೆ ಹಿತ್ತಲ ಬಾಗಿಲುಗಳೂ ಇವೆ, ಅವನ್ನು ಮುಚ್ಚದಿದ್ದರೆ ಎರಡು ಖಾತೆ ಮಾಡಿ ಪ್ರಯೋಜನವಿಲ್ಲ. ಒಂದು, ಓವರ್‌ಡ್ರಾಫ್ಟ್: ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಬ್ಯಾಂಕ್ ಸಾಲ ಕೊಟ್ಟು ವಂಚಕನ ವಹಿವಾಟನ್ನು ಪೂರೈಸಿಬಿಡುತ್ತದೆ. ಇನ್ನೊಂದು, ಆಟೋ ಸ್ವೀಪ್: ಖಾತೆ ಬರಿದಾದ ಕೂಡಲೇ ಜೋಡಿಸಿದ ಠೇವಣಿ ತಾನಾಗಿ ಮುರಿದು ದುಡ್ಡು ಹರಿದುಬರುತ್ತದೆ. ಮತ್ತೊಂದು, ಒಂದೇ ಕಾರ್ಡಿಗೆ ಹಲವು ಖಾತೆ ಜೋಡಿಸಿರುವುದು. ಎಟಿಎಂ ಪರದೆಯಲ್ಲಿ ಯಾವ ಖಾತೆ ಎಂದು ಆರಿಸುವ ಅವಕಾಶ ಬಂದರೆ ನಿಮ್ಮ ಕಾರ್ಡ್ ಆ ಬಗೆಯದು. ಮೂರನ್ನೂ ಬ್ಯಾಂಕಿಗೆ ಬರೆದು ತೆಗೆಸಿ. ಸಾಧ್ಯವಾದರೆ ಎರಡು ಖಾತೆಗಳೂ ಬೇರೆ ಬೇರೆ ಬ್ಯಾಂಕಿನಲ್ಲಿರಲಿ. ಒಂದೇ ಲಾಗಿನ್‌ನಡಿ ಎರಡೂ ಇದ್ದರೆ ಪಾಸ್‌ವರ್ಡ್ ಸೋರಿದ ದಿನ ಎರಡೂ ಒಟ್ಟಿಗೇ ಹೋಗುತ್ತವೆ.

ಮಿತಿ ಹಾಕುವಾಗ

ಆ್ಯಪ್‌ನ ಕಾರ್ಡ್ ವಿಭಾಗದಲ್ಲಿ ಎಟಿಎಂ, ಅಂಗಡಿಯ ಯಂತ್ರ, ಆನ್‌ಲೈನ್, ಟ್ಯಾಪ್ (ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಕೊಡುವುದು), ವಿದೇಶಿ ವಹಿವಾಟು ಎಂದು ಬೇರೆ ಬೇರೆ ಸ್ವಿಚ್‌ಗಳಿರುತ್ತವೆ. ಬ್ಯಾಂಕ್ ಇಟ್ಟಿರುವ ದಿನದ ಮಿತಿ ಸಾಮಾನ್ಯವಾಗಿ ನಿಮ್ಮ ಅಗತ್ಯಕ್ಕಿಂತ ಎಷ್ಟೋ ಹೆಚ್ಚು. ಕಳೆದ ಮೂರು ತಿಂಗಳ ವಹಿವಾಟಿನ ಲೆಕ್ಕಪಟ್ಟಿ ನೋಡಿ, ಒಂದೇ ದಿನ ನೀವು ತೆಗೆದ ಅತಿ ದೊಡ್ಡ ಮೊತ್ತ ಯಾವುದೋ ಅಲ್ಲಿಗೆ ಮಿತಿ ನಿಲ್ಲಿಸಿ. ದೊಡ್ಡ ಖರೀದಿ ಇದ್ದಾಗ ಏರಿಸಿ, ಮುಗಿದ ಕೂಡಲೇ ಇಳಿಸಿ. ಮಿತಿ ದಿನದ ಲೆಕ್ಕದ್ದು ಎಂಬುದು ಕಳ್ಳರಿಗೂ ಗೊತ್ತು: ರಾತ್ರಿ 12ಕ್ಕೆ ಸ್ವಲ್ಪ ಮುಂಚೆ ಒಮ್ಮೆ, ದಾಟಿದ ಮೇಲೆ ಇನ್ನೊಮ್ಮೆ ತೆಗೆದು ಎರಡು ದಿನದ ಮಿತಿಯನ್ನು ಅರ್ಧ ಗಂಟೆಯಲ್ಲಿ ಎತ್ತಿಬಿಡುತ್ತಾರೆ. ಆದ್ದರಿಂದ ನಿಮ್ಮ ನಿಜವಾದ ಅಪಾಯ ಮಿತಿಯ ಎರಡರಷ್ಟು ಎಂದೇ ಲೆಕ್ಕ ಹಾಕಿ.

ವಿದೇಶಿ ವಹಿವಾಟು ಪ್ರಯಾಣವಿಲ್ಲದಾಗ ಆಫ್ ಇರಲೇಬೇಕು. ಕಾರಣ ಕಾರ್ಡಿನ ಬೆನ್ನಲ್ಲಿರುವ ಆ ಕಪ್ಪು ಪಟ್ಟಿ.

ಕಾರ್ಡ್ ನಕಲಾಗುವುದು ಹೇಗೆ

ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಎಂದೂ ಬದಲಾಗುವುದಿಲ್ಲ. ಒಮ್ಮೆ ಓದಿಕೊಂಡರೆ ಖಾಲಿ ಕಾರ್ಡಿನ ಮೇಲೆ ಹಾಗೇ ಬರೆಯಬಹುದು. ಚಿಪ್ ಬೇರೆ ಜಾತಿಯದು. ಪ್ರತಿ ವಹಿವಾಟಿಗೂ ಒಮ್ಮೆ ಮಾತ್ರ ನಡೆಯುವ ಹೊಸ ಸಂಕೇತ ಹುಟ್ಟಿಸುತ್ತದೆ. ನಿನ್ನೆಯದನ್ನು ಕದ್ದು ಇಂದು ಬಳಸಲಾಗದು. ಚಿಪ್ ಕಡ್ಡಾಯವಲ್ಲದ ಕಡೆ ಪಟ್ಟಿಯ ನಕಲು ಇನ್ನೂ ನಡೆಯುವುದರಿಂದಲೇ ಕದ್ದ ಮಾಹಿತಿ ಗಡಿ ದಾಟಿಹೋಗುತ್ತದೆ. ಕಾರ್ಡ್ ಜಾಲ ನಡೆಸುವ ಮಾಸ್ಟರ್‌ಕಾರ್ಡ್ ಕಂಪನಿ 2033ರ ಹೊತ್ತಿಗೆ ತನ್ನ ಕಾರ್ಡುಗಳಿಂದ ಈ ಪಟ್ಟಿಯನ್ನು ಪೂರ್ತಿ ತೆಗೆಯುವುದಾಗಿ 2021ರಲ್ಲೇ ಹೇಳಿದೆ. ಅಲ್ಲಿಯವರೆಗೆ ನಿಮ್ಮ ಪಾಲಿನ ಎಚ್ಚರಿಕೆ ಇಷ್ಟು: ಚಿಪ್ ಓದಲಿಲ್ಲ, ಉಜ್ಜಿ ನೋಡೋಣ ಎಂದು ಅಂಗಡಿಯವರು ಹೇಳಿದರೆ ಬೇರೆ ಯಂತ್ರ ಕೇಳಿ, ಇಲ್ಲವೇ ನಗದು ಕೊಡಿ. ಕಾರ್ಡ್ ನಿಮ್ಮ ಕಣ್ಣಳತೆ ಬಿಟ್ಟು ಒಳಗೆ ಹೋಗಕೂಡದು.

ಎಟಿಎಂನಲ್ಲಿ ಕಾರ್ಡ್ ತೂರಿಸುವ ಬಾಯಿಯ ಮೇಲೆ ಅದೇ ಬಣ್ಣದ ಸ್ಕಿಮ್ಮರ್, ಅಂದರೆ ಕಾರ್ಡಿನ ಮಾಹಿತಿ ಕದ್ದು ಓದುವ ಸಾಧನ, ಕೂರಿಸುತ್ತಾರೆ. ಬೆರಳಲ್ಲಿ ಹಿಡಿದು ಬಲವಾಗಿ ಅಲುಗಾಡಿಸಿ. ಅಸಲಿ ಭಾಗ ಕದಲುವುದಿಲ್ಲ, ಅಂಟಿಸಿದ್ದು ಕದಲುತ್ತದೆ. ಇತ್ತೀಚಿನ ಕೆಲವು ಕಾಗದದಷ್ಟು ತೆಳ್ಳಗಿದ್ದು ಬಾಯಿಯ ಒಳಗೇ ಅಡಗುತ್ತವೆ, ಅವು ಹೊರಗಿನಿಂದ ಕಾಣವು. ಹಾಗಿದ್ದೂ ಕಳ್ಳನಿಗೆ ದುಡ್ಡು ತೆಗೆಯಲು ಪಿನ್ ಬೇಕೇ ಬೇಕು. ಅದನ್ನು ಸೂಜಿಮೊನೆಯಷ್ಟು ತೂತಿನ ಕ್ಯಾಮೆರಾ ಇಲ್ಲವೇ ಕೀಪ್ಯಾಡಿನ ಮೇಲೆ ಹೊದಿಸಿದ ನಕಲಿ ಕೀಪ್ಯಾಡ್ ಕದಿಯುತ್ತದೆ. ಗುಂಡಿಗಳು ಮೆತ್ತಗೆ, ಎತ್ತರಕ್ಕೆ ಅನಿಸಿದರೆ ಅಲ್ಲಿಂದ ಹೊರಡಿ. ಒತ್ತುವ ಕೈಯ ಮೇಲೆ ಇನ್ನೊಂದು ಅಂಗೈಯನ್ನು ಚಾವಣಿಯಂತೆ ಪೂರ್ತಿ ಮುಚ್ಚಿ. ಕ್ಯಾಮೆರಾ ಹೆಚ್ಚಾಗಿ ಮೇಲ್ಗಡೆಯಿಂದಲೇ ನೋಡುವುದರಿಂದ ಮೈಯನ್ನು ಅಡ್ಡ ಹಿಡಿದರೆ ಸಾಲದು. ಈ ಒಂದು ಅಭ್ಯಾಸ ಉಳಿದೆಲ್ಲ ತಪಾಸಣೆಗಿಂತ ಹೆಚ್ಚು ಕಾಯುತ್ತದೆ. ಪ್ಲಾಸ್ಟಿಕ್ ಗುಂಡಿಗಳಲ್ಲಿ ಬೆರಳಿನ ಬಿಸಿ ಕೆಲ ಕ್ಷಣ ಉಳಿದು ಥರ್ಮಲ್ ಕ್ಯಾಮೆರಾಗೆ ಕಾಣುತ್ತದೆ. ಕೆಲಸವಾದ ಮೇಲೆ ಅಂಗೈಯಿಂದ ಎಲ್ಲ ಗುಂಡಿಗಳನ್ನೂ ಒಮ್ಮೆ ಮುಟ್ಟಿದರೆ ಆಯಿತು.

ಕಾರ್ಡ್ ಒಳಗೇ ಸಿಕ್ಕಿಕೊಂಡರೆ ಯಂತ್ರ ಬಿಟ್ಟು ಕದಲಬೇಡಿ. ಬಾಯಿಯೊಳಗೆ ಪ್ಲಾಸ್ಟಿಕ್ ಕುಣಿಕೆ ಇಟ್ಟು ಕಾರ್ಡ್ ಹಿಡಿಯುವುದು ಹಳೆಯ ತಂತ್ರ. ಆಗ ಒಬ್ಬ ಉಪಕಾರಿ ಪ್ರತ್ಯಕ್ಷನಾಗಿ, ಇನ್ನೊಮ್ಮೆ ಪಿನ್ ಒತ್ತಿ ನೋಡಿ ಎನ್ನುತ್ತಾನೆ, ನೋಡಿಕೊಳ್ಳುತ್ತಾನೆ. ನೀವು ಹೊರಟ ಮೇಲೆ ಕಾರ್ಡೂ ಅವನದೇ, ಪಿನ್ನೂ ಅವನದೇ. ನಿಂತಲ್ಲಿಂದಲೇ ಆ್ಯಪ್‌ನಲ್ಲಿ ಕಾರ್ಡ್ ಆಫ್ ಮಾಡಿ, ಮೊದಲೇ ಫೋನಿನಲ್ಲಿ ಉಳಿಸಿಟ್ಟ ಬ್ಯಾಂಕಿನ ನಂಬರಿಗೆ ಕರೆ ಮಾಡಿ. ಯಂತ್ರದ ಮೇಲೆ ಅಂಟಿಸಿದ ಚೀಟಿಯ ನಂಬರಿಗೆ ಬೇಡ, ಅದನ್ನು ಅಂಟಿಸಿದವರು ಯಾರೋ ಗೊತ್ತಿಲ್ಲ.

ಟ್ಯಾಪ್ ಕಾರ್ಡಿನ ಬಗ್ಗೆ ಇರುವ ಭಯ ಅರ್ಧ ತಪ್ಪು. ಜನಸಂದಣಿಯಲ್ಲಿ ಯಾರೋ ಯಂತ್ರ ತಾಗಿಸಿ ಖಾತೆ ಬಳಿದುಬಿಡುವುದು ಸುಲಭವಲ್ಲ: ಕಾರ್ಡ್ ಕೆಲವೇ ಸೆಂಟಿಮೀಟರ್ ದೂರದವರೆಗೆ ಮಾತ್ರ ಉತ್ತರಿಸುತ್ತದೆ, ಪ್ರತಿ ಟ್ಯಾಪಿಗೂ ಹೊಸ ಸಂಕೇತ, ಜೊತೆಗೆ ಪಿನ್ ಇಲ್ಲದ ಮೊತ್ತಕ್ಕೆ ಮಿತಿ. ವಿಶೇಷ ಪರ್ಸ್ ಕೊಳ್ಳುವ ಅಗತ್ಯವಿಲ್ಲ. ಭಯಪಡಬೇಕಾದದ್ದು ಬೇರೆ. ಬ್ಯಾಂಕಿನವರೆಂದು ಕರೆ ಮಾಡಿ ಒಂದು ಆ್ಯಪ್ ಹಾಕಿಸುತ್ತಾರೆ, ಕಾರ್ಡನ್ನು ಫೋನಿನ ಬೆನ್ನಿಗೆ ಹಿಡಿದು ಪಿನ್ ಒತ್ತಿ ಎನ್ನುತ್ತಾರೆ. ಆ ಆ್ಯಪ್ ಕಾರ್ಡಿನ ಸಂಕೇತವನ್ನು ದೂರದ ಎಟಿಎಂ ಮುಂದೆ ನಿಂತ ಕಳ್ಳನ ಫೋನಿಗೆ ಆ ಕ್ಷಣದಲ್ಲೇ ದಾಟಿಸುತ್ತದೆ. ಫೋನಿನ ಬೆನ್ನಿಗೆ ಕಾರ್ಡ್ ಹಿಡಿಯಿರಿ ಎಂಬ ಮಾತು ಕರೆಯಲ್ಲಿ ಬಂದ ಕೂಡಲೇ ಕರೆ ಕಟ್ ಮಾಡಿ.

ಎಲ್ಲೂ ಬಳಸದ ಕಾರ್ಡಿನಿಂದಲೂ ದುಡ್ಡು ಹೋಗುವುದು ಏಕೆ

ಕಾರ್ಡ್ ಮನೆಯಲ್ಲೇ ಇತ್ತು, ಒಟಿಪಿ ಯಾರಿಗೂ ಹೇಳಿಲ್ಲ, ಆದರೂ ದುಡ್ಡು ಹೋಯಿತು ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. 16 ಅಂಕೆಯ ಕಾರ್ಡ್ ಸಂಖ್ಯೆಯಲ್ಲಿ ಮೊದಲ 6 ಅಥವಾ 8 ಅಂಕೆ ಬ್ಯಾಂಕಿನ ಗುರುತು, ಅದೇನೂ ಗುಟ್ಟಲ್ಲ. ಕೊನೆಯದು ಉಳಿದ ಅಂಕೆಗಳಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕೆ. ಊಹಿಸಬೇಕಾದದ್ದು ನಡುವಿನ ಕೆಲವೇ ಅಂಕೆಗಳನ್ನು, ಅದನ್ನು ಕಂಪ್ಯೂಟರ್ ಮಾಡುತ್ತದೆ. ಕಾರ್ಡಿನ ಮೇಲೆ ಅಚ್ಚಾದ ಗುಟ್ಟಿನ ಸಂಖ್ಯೆಯಾದ ಸಿವಿವಿಗೆ ಮೂರೇ ಅಂಕೆ, ಅಂದರೆ 1,000 ಸಾಧ್ಯತೆ. ಒಂದೇ ತಾಣದಲ್ಲಿ ಪದೇಪದೇ ಊಹಿಸಿದರೆ ತಡೆ ಬೀಳುತ್ತದೆ, ನೂರಾರು ತಾಣಗಳಿಗೆ ಹಂಚಿ ಊಹಿಸಿದರೆ ಕೆಲವು ಕಾರ್ಡ್ ಜಾಲಗಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲೇ ತೋರಿಸಿದ್ದರು. ಇನ್ನು ಒಟಿಪಿ ಕೇಳಬೇಕೆಂಬ ಕಟ್ಟುಪಾಡು ಎಲ್ಲ ದೇಶಗಳ ಎಲ್ಲ ತಾಣಗಳಿಗೂ ಇಲ್ಲ.

ಹೀಗೆ ಸಿಕ್ಕ ಸಂಖ್ಯೆ ನಡೆಯುತ್ತದೋ ಎಂದು ನೋಡಲು ಮೊದಲು ಚಿಲ್ಲರೆ ಮೊತ್ತ ಎಳೆಯುತ್ತಾರೆ. ನೀವು ಮಾಡದ ಒಂದು ಪುಟ್ಟ ವಹಿವಾಟು ಕಂಡರೆ, ಹೋದರೆ ಹೋಗಲಿ ಎಂದು ಬಿಡಬೇಡಿ. ದೊಡ್ಡದು ಹಿಂದೆಯೇ ಬರುತ್ತಿರುತ್ತದೆ. ಅದಕ್ಕೇ ಎಚ್ಚರಿಕೆ ಸಂದೇಶದ ಕನಿಷ್ಠ ಮೊತ್ತವನ್ನು ಆ್ಯಪ್‌ನಲ್ಲಿ ಸೊನ್ನೆಗೆ ಅಥವಾ ಸಾಧ್ಯವಾದಷ್ಟು ಕೆಳಗೆ ಇಳಿಸಿ. ಎಸ್ಎಂಎಸ್ ಜೊತೆಗೆ ಇಮೇಲ್ ಅಥವಾ ಆ್ಯಪ್ ಸೂಚನೆಯೂ ಬರಲಿ. ನಿಮ್ಮ ಹೆಸರಲ್ಲಿ ನಿಮ್ಮದೇ ನಂಬರಿನ ಬೇರೆ ಸಿಮ್ ತೆಗೆದವರಿಗೆ ಎಸ್ಎಂಎಸ್ ಎಲ್ಲ ಹೋಗುತ್ತದೆ, ನಿಮ್ಮ ಫೋನು ಸುಮ್ಮನಿರುತ್ತದೆ. ಸುತ್ತಲಿನವರಿಗೆ ನೆಟ್‌ವರ್ಕ್ ಇದ್ದು ನಿಮಗೊಬ್ಬರಿಗೇ ಹೋದರೆ ಬೇರೆ ಫೋನಿನಿಂದ ಮೊದಲು ಬ್ಯಾಂಕಿಗೆ, ಆಮೇಲೆ ಸಿಮ್ ಕಂಪನಿಗೆ ಕರೆ ಮಾಡಿ.

ಆನ್‌ಲೈನ್ ತಾಣಗಳಲ್ಲಿ ಅಸಲಿ ಕಾರ್ಡ್ ಸಂಖ್ಯೆ ಉಳಿಸುವ ಬದಲು ಟೋಕನ್ ಅಥವಾ ಬ್ಯಾಂಕಿನ ವರ್ಚುವಲ್ ಕಾರ್ಡ್ (ಆ್ಯಪ್‌ನಲ್ಲಷ್ಟೇ ಇರುವ, ಬೇರೆ ಸಂಖ್ಯೆಯ ಕಾರ್ಡ್) ಬಳಸಿ. ಟೋಕನ್ ಎಂದರೆ ಆ ಒಂದು ಅಂಗಡಿಗೆ ಮಾತ್ರ ಸಲ್ಲುವ ಬದಲಿ ಸಂಖ್ಯೆ, ಕದ್ದರೂ ಇನ್ನೊಂದು ಕಡೆ ನಡೆಯದು. ಒಟಿಪಿ ಬಂದಾಗ ಅಂಕೆಗಳ ಮೊದಲು ಅದರ ಸುತ್ತಲಿನ ವಾಕ್ಯ ಓದಿ: ಎಷ್ಟು ಮೊತ್ತ, ಯಾರಿಗೆ, ಯಾತಕ್ಕೆ. ನಿಮ್ಮ ಕಾರ್ಡನ್ನು ಯಾವುದೋ ಫೋನಿನ ವಾಲೆಟ್‌ಗೆ ಸೇರಿಸಲು ಎಂದು ಅದರಲ್ಲಿದ್ದರೆ, ಆ ಒಂದು ಒಟಿಪಿ ಕೊಟ್ಟವರು ಕಾರ್ಡನ್ನೇ ಕೈಗಿಟ್ಟಂತೆ. ಆಮೇಲೆ ಕಳ್ಳ ತನ್ನ ಫೋನ್ ತಾಗಿಸುತ್ತ ಖರೀದಿಸುತ್ತಾನೆ, ಮತ್ತೆ ಒಟಿಪಿ ಕೇಳುವುದಿಲ್ಲ. ದುಡ್ಡು ವಾಪಸ್ ಪಡೆಯಲು ಪಿನ್ನೂ ಬೇಡ, ಒಟಿಪಿಯೂ ಬೇಡ, ಕೇಳಿದವರು ಮೋಸಗಾರರೇ.

ಪಿನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1234, 0000, ಹುಟ್ಟಿದ ವರ್ಷ, ಕೀಪ್ಯಾಡಿನ ನಡುಸಾಲಿನಲ್ಲಿ ನೇರ ಇಳಿಯುವ 2580 ಬೇಡ. ಫೋನ್ ತೆರೆಯುವ ಅಂಕೆಯೂ ಅದೇ ಆಗಿರಬಾರದು.

ದುಡ್ಡು ಹೋಗಿದೆ ಎಂದು ಗೊತ್ತಾದ ಗಳಿಗೆಯಲ್ಲಿ

1. ಆ್ಯಪ್‌ನಲ್ಲಿ ಕಾರ್ಡ್ ಆಫ್ ಮಾಡಿ, ಕೂಡಲೇ ಬ್ಯಾಂಕಿಗೆ ಕರೆ ಮಾಡಿ ಶಾಶ್ವತವಾಗಿ ಬ್ಲಾಕ್ ಮಾಡಿಸಿ. ತಾತ್ಕಾಲಿಕ ಆಫ್ ಸಾಲದು, ಕೆಲವು ಬ್ಯಾಂಕುಗಳಲ್ಲಿ ಹಳೆಯ ಚಂದಾ ಪಾವತಿಗಳು ಅದನ್ನು ದಾಟಿ ಬರುತ್ತವೆ.

2. ಕಾರ್ಡಿಗೆ ಜೋಡಿಸಿದ ಎಲ್ಲ ಟೋಕನ್, ವಾಲೆಟ್‌ಗಳನ್ನೂ ತೆಗೆಯಲು ಹೇಳಿ. ಹೊಸ ಕಾರ್ಡ್ ಬಂದಾಗ ಅದರ ಸಂಖ್ಯೆಯನ್ನು ಹಳೆಯ ಅಂಗಡಿಗಳಿಗೆ ತಾನಾಗಿ ತಲುಪಿಸುವ ಸೇವೆ ಇದ್ದರೆ ಅದನ್ನೂ ನಿಲ್ಲಿಸಿ. ಇದನ್ನು ಮರೆತವರ ಹೊಸ ಕಾರ್ಡಿನಿಂದಲೂ ಅದೇ ವಂಚಕ ದುಡ್ಡು ಎಳೆದ ಉದಾಹರಣೆಗಳಿವೆ.

3. ದೂರಿನ ಸಂಖ್ಯೆ, ಕರೆ ಮಾಡಿದ ದಿನ, ಗಂಟೆ ಬರೆದಿಟ್ಟುಕೊಳ್ಳಿ. ಅದೇ ದಿನ ಇಮೇಲ್‌ನಲ್ಲೂ ದೂರು ಕೊಡಿ: ಪ್ರತಿ ವಹಿವಾಟಿನ ದಿನ, ಸಮಯ, ಮೊತ್ತ, ಅಂಗಡಿಯ ಹೆಸರು, ಇದಕ್ಕೆ ನನ್ನ ಒಪ್ಪಿಗೆ ಇರಲಿಲ್ಲ ಎಂಬ ಸ್ಪಷ್ಟ ವಾಕ್ಯ. ವಹಿವಾಟು ಇನ್ನೂ ಬಾಕಿ ಎಂದು ತೋರಿಸುತ್ತಿದೆ, ಕಾಯಿರಿ ಎಂದು ಬ್ಯಾಂಕಿನವರು ಹೇಳಿದರೂ ದೂರು ಅಂದೇ ದಾಖಲಾಗಲಿ.

4. ಪೊಲೀಸರಿಗೆ ಅಥವಾ ಸೈಬರ್ ಅಪರಾಧ ವಿಭಾಗಕ್ಕೆ ದೂರು ಕೊಟ್ಟು ಅದರ ಪ್ರತಿಯನ್ನು ಬ್ಯಾಂಕಿಗೆ ಕಳಿಸಿ.

ಇಮೇಲ್‌ನಲ್ಲಿ ಒಂದು ಪ್ರಶ್ನೆ ಬಿಡಬೇಡಿ: ಈ ವಹಿವಾಟು ಚಿಪ್‌ನಿಂದ ಆಯಿತೋ, ಕಪ್ಪು ಪಟ್ಟಿಯಿಂದಲೋ, ಪಿನ್ ಒತ್ತಲಾಗಿತ್ತೋ, ಒಟಿಪಿ ಬಳಕೆಯಾಯಿತೋ? ಬ್ಯಾಂಕಿನ ದಾಖಲೆಯಲ್ಲಿ ಇದು ಇರುತ್ತದೆ, ನಿಮ್ಮ ವಾದದ ಬಲವೆಲ್ಲ ಅದರ ಮೇಲೆ ನಿಲ್ಲುತ್ತದೆ. ಎಟಿಎಂನಿಂದ ಹೋಗಿದ್ದರೆ ಆ ಹೊತ್ತಿನ ಸಿಸಿಟಿವಿ ದೃಶ್ಯ ಅಳಿಸದೆ ಕಾಯ್ದಿಡಿ ಎಂದು ಬರೆಯಿರಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುವುದರಿಂದ ತಡವಾದರೆ ಸಾಕ್ಷಿಯೇ ಇಲ್ಲ. ಆಗ ನೀವು ಬೇರೆಡೆ ಇದ್ದಿರಿ ಎಂಬುದಕ್ಕೆ ಟಿಕೆಟ್, ಕಚೇರಿಯ ಹಾಜರಿಯಂಥದ್ದು ಏನಿದ್ದರೂ ಸೇರಿಸಿ.

ತಡದ ಬೆಲೆ ಕಾನೂನಿನಲ್ಲೇ ಬರೆದಿದೆ. ಭಾರತೀಯ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆ ಇಲ್ಲ. 4ರಿಂದ 7 ಕೆಲಸದ ದಿನವಾದರೆ ಒಂದಿಷ್ಟು ಭಾಗ ಅವನದು. ಅಮೆರಿಕದಲ್ಲಿ ಕಾರ್ಡ್ ಕಳೆದದ್ದು ತಿಳಿದ 2 ಕೆಲಸದ ದಿನಗಳೊಳಗೆ ಹೇಳಿದರೆ ಹೊಣೆ ಹೆಚ್ಚೆಂದರೆ 50 ಡಾಲರ್, ಆ ಗಡುವು ದಾಟಿದರೆ 500ರವರೆಗೆ, ಲೆಕ್ಕಪಟ್ಟಿ ಕಳಿಸಿ 60 ದಿನವಾದ ಮೇಲೆ ನಡೆದ ವಹಿವಾಟುಗಳಿಗೆ ಮಿತಿಯೇ ಇಲ್ಲದಿರಬಹುದು. ಪಿನ್ ಅಥವಾ ಒಟಿಪಿ ಗ್ರಾಹಕನೇ ಕೊಟ್ಟಿದ್ದರೆ ಭಾರತದ ಆ ಸುತ್ತೋಲೆಯಡಿ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ, ತಿಳಿಸಿದ ಮೇಲಿನದು ಬ್ಯಾಂಕಿನದು. ನಾಚಿಕೆಯಿಂದ ಒಂದು ಗಂಟೆ ಸುಮ್ಮನಿದ್ದರೂ ಆ ಗಂಟೆಯ ನಷ್ಟ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಬ್ಯಾಂಕಿನ ಈಗಿನ ಗಡುವು ಎಷ್ಟೆಂದು ಇವತ್ತೇ ಓದಿಟ್ಟುಕೊಳ್ಳಿ.

ವಿಚಾರಣೆ ನಡೆಯುತ್ತಿರುವಾಗ ಬ್ಯಾಂಕ್ ಹೋದ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬಹುದು. ತೀರ್ಮಾನ ನಿಮ್ಮ ವಿರುದ್ಧ ಬಂದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ಅದಕ್ಕಿದೆ. ಕೊನೆಯ ಪತ್ರ ಕೈಸೇರುವವರೆಗೆ ಆ ದುಡ್ಡನ್ನು ಮುಟ್ಟಬೇಡಿ.