ಆಸ್ಪತ್ರೆಯ ಹಳೇ ರಿಪೋರ್ಟ್ ಪ್ರಿಂಟಿಂಗ್ ವ್ಯವಸ್ಥೆ ಬದಲಿಸುವ ಕ್ರಮ

ಕೊಡಗಿನಲ್ಲಿ ಈ ಕೆಲಸ ಮೇ ಒಳಗೆ ಮುಗಿಯಬೇಕು. ಜೂನ್ ಮಳೆಗೆ ಕರೆಂಟ್ ಹೋಗಿಬಂದು ಮಾಡುವಾಗ ಪರೀಕ್ಷೆಗಿಳಿದರೆ ತಪ್ಪು ಎಲ್ಲಿದೆಯೆಂದೇ ಗೊತ್ತಾಗದು.

ಮೊದಲು ಪಟ್ಟಿ ಮಾಡಿ: ಯಾವ ರಿಪೋರ್ಟ್, ಯಾವ ಪ್ರಿಂಟರಿಗೆ, ಎಷ್ಟು ಪ್ರತಿ. ಕಾರ್ಬನ್ ಪ್ರತಿ ಬೇಕಿರುವ ಕೌಂಟರಿನಲ್ಲಿ ಪಿನ್ನುಗಳಿಂದ ಒತ್ತಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಾಗೇ ಇರಲಿ, ಲೇಸರ್‌ನಲ್ಲಿ ಅದು ಬರುವುದಿಲ್ಲ.

ಪ್ರತಿ ಪ್ರಿಂಟರಿಗೂ ಸ್ಥಿರ ಐಪಿ (ನೆಟ್‌ವರ್ಕಿನಲ್ಲಿ ಬದಲಾಗದ ವಿಳಾಸ) ಕೊಡಿ. ಹೆಚ್ಚಿನ ನೆಟ್‌ವರ್ಕ್ ಪ್ರಿಂಟರುಗಳು ಪೋರ್ಟ್ (ಸಂಪರ್ಕ ದ್ವಾರದ ಸಂಖ್ಯೆ) 9100ರಲ್ಲಿ ಸಿಗುತ್ತವೆ. ಕ್ಯೂಗೆ (ಪ್ರಿಂಟ್ ಆಗಬೇಕಾದವುಗಳ ಸಾಲು) ಮಾಡೆಲ್ ಹೆಸರಿಡದೆ 'ಹೆರಿಗೆ ವಾರ್ಡ್', 'ಲ್ಯಾಬ್ ಕೌಂಟರ್' ಎಂದು ಜಾಗದ ಹೆಸರಿಡಿ. ಐಪಿ ಅದಲುಬದಲಾದರೆ ಒಬ್ಬರ ರಕ್ತಪರೀಕ್ಷೆ ಇನ್ನೊಂದು ವಾರ್ಡಿನಲ್ಲಿ ಬೀಳುತ್ತದೆ. ಎಲ್ಲಕ್ಕಿಂತ ಅಪಾಯದ ತಪ್ಪು ಇದೇ. ಹಾಗಾಗಿ ಪ್ರತಿ ಪುಟದಲ್ಲೂ ರೋಗಿಯ ನಂಬರ್, ಸಮಯ, 'ಪುಟ 1/3' ಇರಲೇಬೇಕು.

ಲಿನಕ್ಸ್ ಸರ್ವರಿನಲ್ಲಿ ಪ್ರಿಂಟ್ ನೋಡಿಕೊಳ್ಳುವ ತಂತ್ರಾಂಶವಾದ ಕಪ್ಸ್‌ನಲ್ಲಿ ಎರರ್ ಪಾಲಿಸಿ (ತಪ್ಪಾದಾಗ ಏನು ಮಾಡಬೇಕೆಂಬ ಸೆಟ್ಟಿಂಗ್) 'ಸ್ಟಾಪ್-ಪ್ರಿಂಟರ್' ಇದ್ದರೆ ಒಮ್ಮೆ ಕರೆಂಟ್ ಹೋದರೂ ಕ್ಯೂ ನಿಂತುಬಿಡಬಹುದು, 'ರಿಟ್ರೈ-ಜಾಬ್' ಮಾಡಿ. ರಿಪೋರ್ಟ್ ಬಂದಿಲ್ಲವೆಂದು ಸಿಬ್ಬಂದಿ ಮತ್ತೆಮತ್ತೆ ಪ್ರಿಂಟ್ ಒತ್ತಿದ್ದರೆ, ಕ್ಯೂ ಹೊರಟಾಗ ಅಷ್ಟೂ ಪ್ರತಿ ಒಟ್ಟಿಗೆ ಬೀಳುತ್ತವೆ. ಮೊದಲು ಕ್ಯೂ ನೋಡಲು ಕಲಿಸಿ.

ಹಳೇ 'ನುಡಿ' ತಂತ್ರಾಂಶದ ಆಸ್ಕಿ ಪಠ್ಯ ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಟೆಂಪ್ಲೇಟುಗಳನ್ನು ಯೂನಿಕೋಡಿಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬದಲಿಸಿ, ಪಿಡಿಎಫ್‌ನಲ್ಲಿ ಫಾಂಟ್ ಸೇರಿಸಿ. ಒತ್ತಕ್ಷರಗಳನ್ನು ಕಾಗದದ ಮೇಲೇ ಓದಿ ನೋಡಿ.

ಯುಪಿಎಸ್‌ಗೆ ಸರ್ವರ್, ನೆಟ್‌ವರ್ಕ್ ಸ್ವಿಚ್ ಮಾತ್ರ. ಲೇಸರಿನ ಫ್ಯೂಸರ್ (ಟೋನರನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಭಾಗ) ಒಮ್ಮೆಲೇ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ಟ್ರಿಪ್ ಆಗುತ್ತದೆ. ಲೇಸರ್ ಪ್ರಿಂಟರನ್ನು ಜನರೇಟರ್ ಲೈನಿಗೆ ಕೊಡಿ. ತೇವ ಹೀರಿದ ಕಾಗದ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ. ಬಿಚ್ಚಿದ ರೀಮ್ ಮುಚ್ಚಳದ ಡಬ್ಬಿಯಲ್ಲಿರಲಿ, ಟ್ರೇಗೆ ಅಂದಿನದಷ್ಟೇ ಹಾಕಿ.

ಬದಲಾವಣೆ ಒಂದೊಂದೇ ವಿಭಾಗಕ್ಕೆ, ಲ್ಯಾಬಿನಿಂದ ಶುರು. ಒಂದು ವಾರ ಹಳೇ ಕ್ಯೂ ತೆಗೆಯಬೇಡಿ.