ಕೊಲೆಗಾರ ಯಾರೆಂದು ಎಲ್ಲರಿಗೂ ಗೊತ್ತಿರುವ ಕೇಸಿಗೆ ಚಿತ್ರಕಥೆ ಬರೆದದ್ದು

ಕೋರ್ಟ್ ಸಿನಿಮಾ ನೋಡುವವರು ಎರಡು ವಿಷಯಕ್ಕೆ ಕಾಯುತ್ತಾರೆ: ಮಾಡಿದ್ದು ಯಾರು, ತೀರ್ಪು ಏನು. ಗಾಂಧಿ ಹತ್ಯೆಯ ವಿಚಾರಣೆಯಲ್ಲಿ ಈ ಎರಡೂ ಶಾಲೆಯ ಮಕ್ಕಳಿಗೂ ಗೊತ್ತು. 1948ರ ಜನವರಿ 30ರ ಸಂಜೆ, ಬಿರ್ಲಾ ಹೌಸ್‌ನಲ್ಲಿ, ಪ್ರಾರ್ಥನೆಗೆ ಸೇರಿದ್ದ ಜನರ ಕಣ್ಣೆದುರೇ ನಾಥೂರಾಮ್ ಗೋಡ್ಸೆ ಗುಂಡು ಹೊಡೆದ. ಅಲ್ಲೇ ಸಿಕ್ಕಿಬಿದ್ದ. ಇನ್ನು ಸಸ್ಪೆನ್ಸ್ ಎಲ್ಲಿಂದ ತರುವುದು?

ಕೇಸಿನ ತೀರ್ಪನ್ನು ಓದುತ್ತಾ ಹೋದಂತೆ ದಾರಿ ಸಿಕ್ಕಿತು. ದೆಹಲಿಯ ಕೆಂಪುಕೋಟೆಯಲ್ಲಿ ಕೂತ ವಿಶೇಷ ನ್ಯಾಯಾಲಯ 149 ಸಾಕ್ಷಿಗಳನ್ನು ಕೇಳಿತು. ಕಣ್ಣಾರೆ ಕಂಡ ಕೊಲೆಗೆ ಇಷ್ಟೊಂದು ಸಾಕ್ಷಿ ಯಾಕೆ? ಒಳಸಂಚು ಸಾಬೀತಾಗಬೇಕಿತ್ತು. ಯಾರಿಗೆ ಗೊತ್ತಿತ್ತು, ಎಷ್ಟು ಗೊತ್ತಿತ್ತು, ಯಾವಾಗಿನಿಂದ? ನನ್ನ ಚಿತ್ರಕಥೆ ನಿಂತಿರುವುದು ಈ ಮೂರು ಪ್ರಶ್ನೆಗಳ ಮೇಲೆ.

ಪಾತ್ರ ಹುಡುಕುವಾಗ ವಿಚಾರಣೆಯ ಒಂದು ಪ್ರಸಿದ್ಧ ಫೋಟೊವನ್ನು ಎದುರಿಗೆ ಇಟ್ಟುಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಗೋಡ್ಸೆ, ಜೊತೆಗೆ ಸಹ ಆರೋಪಿಗಳಾದ ಆಪ್ಟೆ, ಕರ್ಕರೆ. ಹಿಂದೆ ಕರಿ ಟೋಪಿಯ ಸಾವರ್ಕರ್. ಎಲ್ಲರ ಕಣ್ಣು ಹೋಗುವುದು ಇವರ ಮೇಲೆ. ಆದರೆ ಹಿಂದಿನ ಸಾಲಿನ ತುದಿಯಲ್ಲಿ ಅಕ್ಕಪಕ್ಕ ಕೂತವರನ್ನು ನೋಡಿ. ಒಬ್ಬ ಪುಣೆಯಲ್ಲಿ ಆಯುಧ ಮಾರುತ್ತಿದ್ದ ದಿಗಂಬರ ಬಡಗೆ. ಇನ್ನೊಬ್ಬ ಅವನ ಆಳು ಶಂಕರ್ ಕಿಸ್ತಯ್ಯ. ಜೂನ್‌ನಲ್ಲಿ ಬಡಗೆಗೆ ಕ್ಷಮೆ ಸಿಕ್ಕಿತು, ಮಾಫಿ ಸಾಕ್ಷಿಯಾದ. ಯಜಮಾನ ಕಟಕಟೆಯಿಂದ ಎದ್ದು ಸಾಕ್ಷಿ ಹೇಳಲು ಹೋದ, ಆಳು ಆರೋಪಿಯಾಗಿ ಅಲ್ಲೇ ಉಳಿದ. ಇದಕ್ಕಿಂತ ಒಳ್ಳೆಯ ನಾಟಕವನ್ನು ನಾನು ಕಟ್ಟಿ ಬರೆಯಲು ಆಗುತ್ತಿರಲಿಲ್ಲ ಬಿಡಿ. ಹಾಗಾಗಿ ಇಡೀ ವಿಚಾರಣೆಯನ್ನು ಆದಷ್ಟು ಶಂಕರ್ ಕೂತ ಜಾಗದಿಂದ ತೋರಿಸಿದೆ. ಸಾಕ್ಷಿಗಳ ಮಾತು ಹಿಂದೂಸ್ತಾನಿ, ಮರಾಠಿ, ತೆಲುಗಿಗೆ ಅನುವಾದ ಆಗಬೇಕಿತ್ತು. ಬೇರೆಯವರ ಮುಖ ಬದಲಾದ ಮೇಲೆ, ಸ್ವಲ್ಪ ತಡವಾಗಿ ಶಂಕರ್ ಮುಖ ಬದಲಾಗುತ್ತದೆ. ಆ ತಡವನ್ನು ಸಂಭಾಷಣೆಯ ನಡುವೆ ಬರೆದೇ ಇಟ್ಟಿದ್ದೇನೆ. ಎಡಿಟಿಂಗ್‌ನಲ್ಲಿ ಕತ್ತರಿಸಬೇಡಿ ಎಂದು ಪಕ್ಕದಲ್ಲಿ ಟಿಪ್ಪಣಿಯೂ ಇದೆ.

ಜ್ಯೂರಿ, ಅಂದರೆ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಹೇಳುವ ಸಾಮಾನ್ಯ ಜನರ ಮಂಡಳಿ, ಇಲ್ಲದ ಕೋರ್ಟ್ ಅದು. ವಕೀಲರು ಜ್ಯೂರಿ ಕಡೆ ತಿರುಗಿ ಭಾಷಣ ಬಿಗಿಯುವ ದೃಶ್ಯಕ್ಕೆ ಅವಕಾಶವೇ ಇಲ್ಲ. ನನಗೆ ಅದು ಒಳ್ಳೆಯದೇ ಆಯಿತು.

ಜಾಸ್ತಿ ತಲೆ ತಿಂದದ್ದು ನವೆಂಬರ್ 8ರಂದು ಗೋಡ್ಸೆ ಓದಿದ ಹೇಳಿಕೆ. ಉದ್ದ ಹೇಳಿಕೆ, ಒಳ್ಳೆಯ ನಟ ಸಿಕ್ಕರೆ ಸಿನಿಮಾವನ್ನೇ ನುಂಗಿಬಿಡುತ್ತದೆ. ಇದು ಬರೀ ಭಯ ಅಲ್ಲ. ಮುಂದೆ ಮೇಲ್ಮನವಿಯಲ್ಲೂ ಅವನೇ ವಾದ ಮಾಡಿದ. ಅದನ್ನು ಕೇಳಿದ ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಜಿ.ಡಿ. ಖೋಸ್ಲಾ, ಅಂದು ಅಲ್ಲಿದ್ದ ಜನರನ್ನೇ ಜ್ಯೂರಿ ಮಾಡಿದ್ದರೆ ಅವನನ್ನು ನಿರ್ದೋಷಿ ಅನ್ನುತ್ತಿದ್ದರು ಎಂಬ ಅರ್ಥದ ಮಾತು ಬರೆದಿದ್ದಾರೆ. ಹಾಗಂತ ಹೇಳಿಕೆಯನ್ನು ಬಿಟ್ಟುಬಿಟ್ಟರೆ ಇತಿಹಾಸಕ್ಕೆ ಮೋಸ. ಅದರ ಕಾನೂನಿನ ಉದ್ದೇಶ ಏನು ಎಂದು ಕೇಳಿಕೊಂಡೆ. ಎಲ್ಲ ಹೊಣೆಯೂ ನನ್ನದೇ, ಸಂಚೇ ಇರಲಿಲ್ಲ ಎನ್ನುವುದು ಅದರ ತಿರುಳು. ಕೋರ್ಟ್ ಅದನ್ನು ನಂಬಿದ್ದರೆ ಉಳಿದವರೆಲ್ಲ ಸಂಚಿನ ಆರೋಪದಿಂದ ಪಾರು! ಅಲ್ಲಿಗೆ ಅದು ಬರೀ ಭಾಷಣ ಅಲ್ಲ, ಪ್ರತಿವಾದದ ಒಂದು ಪಟ್ಟು. ಓದುವಾಗ ಕ್ಯಾಮೆರಾ ಉಳಿದ ಆರೋಪಿಗಳ ಮೇಲೆ ಇರುತ್ತದೆ. ನಡುನಡುವೆ ಕೊಲೆಗೆ ಹತ್ತು ದಿನ ಮುಂಚಿನ ಜನವರಿ 20 ಬಂದು ಹೋಗುತ್ತದೆ: ಅದೇ ಬಿರ್ಲಾ ಹೌಸ್, ಆರೋಪಿಗಳಲ್ಲಿ ಒಬ್ಬನಾದ ಮದನ್‌ಲಾಲ್ ಪಹ್ವಾ ಸಿಡಿಸಿದ ಸ್ಫೋಟಕ, ಸುತ್ತ ಚದುರಿ ನಿಂತ ಸಂಗಡಿಗರು. ಒಬ್ಬನೇ ಮಾಡಿದೆ ಅನ್ನುವ ಮಾತಿಗೆ ಬೇರೆ ಉತ್ತರ ಬರೆಯಬೇಕಾಗಲಿಲ್ಲ.

ಸಾವರ್ಕರ್ ಭಾಗದಲ್ಲಿ ನನ್ನ ಅಭಿಪ್ರಾಯ ತುರುಕಲಿಲ್ಲ. ಅವರ ವಿರುದ್ಧ ಇದ್ದದ್ದು ಮುಖ್ಯವಾಗಿ ಬಡಗೆಯ ಮಾತು. ಅದಕ್ಕೆ ಬೇರೆ ಕಡೆಯಿಂದ ಬೆಂಬಲ ಸಾಲದು ಎಂದು ಕೋರ್ಟ್ ಅವರನ್ನು ಖುಲಾಸೆ ಮಾಡಿತು. ಮಾಫಿ ಸಾಕ್ಷಿಯ ಮಾತೊಂದನ್ನೇ ಯಾಕೆ ನೆಚ್ಚಬಾರದು ಅನ್ನುವುದು ಪ್ರೇಕ್ಷಕರಿಗೆ ತೀರ್ಪಿಗೆ ಮುಂಚೆಯೇ ಗೊತ್ತಿರಬೇಕು. ಇಲ್ಲದಿದ್ದರೆ ಖುಲಾಸೆ ಸುಮ್ನೆ ಆಕಾಶದಿಂದ ಬಿದ್ದ ಹಾಗಾಗುತ್ತದೆ. ಅದಕ್ಕೇ ಬಡಗೆಯ ಪಾಟೀ ಸವಾಲಿಗೆ ಬೇರೆಲ್ಲ ಸಾಕ್ಷಿಗಳಿಗಿಂತ ಹೆಚ್ಚು ಪುಟ ಕೊಟ್ಟೆ.

1949ರ ಫೆಬ್ರವರಿ 10ರ ತೀರ್ಪಿನಲ್ಲಿ ಗೋಡ್ಸೆ, ಆಪ್ಟೆಗೆ ಗಲ್ಲು. ಅದೇ ತೀರ್ಪಿನ ಕೊನೆಯಲ್ಲಿ ನ್ಯಾಯಾಧೀಶ ಆತ್ಮಚರಣ್, ಜನವರಿ 20ರಿಂದ 30ರ ನಡುವಿನ ಪೊಲೀಸರ ಸಡಿಲತೆಯನ್ನೂ ಎತ್ತಿ ಆಡಿದ್ದಾರೆ. ಪಹ್ವಾ ಆಗಲೇ ಸೆರೆಯಲ್ಲಿದ್ದ. ಗೋಡ್ಸೆ ಮತ್ತು ಆಪ್ಟೆ ಸುಳ್ಳು ಹೆಸರಲ್ಲಿ ಉಳಿದಿದ್ದ ಮರೀನಾ ಹೋಟೆಲಿನಲ್ಲಿ, ಒಗೆಯಲು ಕೊಟ್ಟ ಬಟ್ಟೆಯ ಮೇಲೆ ನಾಥೂರಾಮ್ ವಿನಾಯಕ ಗೋಡ್ಸೆಯ ಮೊದಲಕ್ಷರಗಳಾದ ಎನ್.ವಿ.ಜಿ. ಎಂಬ ಗುರುತೂ ಸಿಕ್ಕಿತ್ತು. ಈ ಬಟ್ಟೆಯನ್ನು ಮೊದಲರ್ಧದಲ್ಲೇ ತೋರಿಸಿ, ಯಾರೂ ಅದರ ಬಗ್ಗೆ ಮಾತಾಡದಂತೆ ಬಿಟ್ಟಿದ್ದೇನೆ.

ನಿರ್ಮಾಪಕರಿಗೆ ಕೊನೆಗೆ ಅಂಬಾಲಾ ಜೈಲಿನ ನೇಣಿನ ದೃಶ್ಯ ಬೇಕು. ನಾನು ಕೊಟ್ಟಿರುವುದು 1949ರ ಜೂನ್‌ನ ಸಿಮ್ಲಾ. ಮೇಲ್ಮನವಿ ಕೇಳಿದ ಅಲ್ಲಿನ ಹೈಕೋರ್ಟ್ ಇನ್ನೊಬ್ಬ ಆರೋಪಿ ಪರ್ಚುರೆ ಜೊತೆಗೆ ಶಂಕರ್‌ನನ್ನೂ ಬಿಡುಗಡೆ ಮಾಡಿತು. ಕಥೆ ಅವನ ಜಾಗದಿಂದ ಶುರುವಾಗಿದ್ದ ಮೇಲೆ ಅವನ ತೀರ್ಪಿಗೇ ಮುಗಿಯಬೇಕು ಅಲ್ವಾ? ಈ ಜಗಳ ಇನ್ನೂ ನಡೆಯುತ್ತಿದೆ.